ಕಜ ತುದಿಯ ಎರಡು ಎಳನೀರು

ರಸ್ಮಿನಿ ಟೀಚರ್‌ಗೆ ಅನುಮಾನ ಬಂತೆಂದರೆ ಬಾಲಿ ದ್ವೀಪದ ಬೆಟ್ಟಗಳೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತವೆ. ಅವಳ ಎಡಹುಬ್ಬು ಮೇಲೇರಿದರೆ ಐದನೇ ಕ್ಲಾಸಿನ ಮಕ್ಕಳು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾರೆ, ಶಾಲೆಯ ಹಿಂದಿನ ಕೋಳಿಗಳು ಅವತ್ತು ಮೊಟ್ಟೆಯನ್ನೇ ಇಡುವುದಿಲ್ಲ. ಆ ಸೋಮವಾರ ಧ್ವಜ ಏರುವ ಮೊದಲೇ ಹುಬ್ಬು ಏರಿಬಿಟ್ಟಿತ್ತು.

ಅದರ ಗುರಿ, ನಾಲ್ಕನೇ ಕ್ಲಾಸಿನ ಅರ್ತಾನ ಮೇಷ್ಟ್ರು.

ಅರ್ತಾನ ದಕ್ಷಿಣದ ಗಿಯಾನ್ಯಾರ್ ಕಡೆಯವನು. ವರ್ಗವಾಗಿ ಈ ಉತ್ತರ ತೀರಕ್ಕೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ಅವನು ನಕ್ಕರೆ ಬೀಳುವ ಗುಳಿಯಲ್ಲಿ ಒಂದು ಮೀನುದೋಣಿ ನಿಲ್ಲಿಸಬಹುದು. ಶುಕ್ರವಾರ ಅವನು ಗ್ಲೋಬ್ ಕೇಳುವ ನೆಪದಲ್ಲಿ ಅವಳ ಕ್ಲಾಸಿನ ಬಾಗಿಲಿಗೆ ಬಂದು, ಗ್ಲೋಬನ್ನೇ ತಿರುಗಿಸುತ್ತಾ ಹೇಳಿದ್ದ: "ಟೀಚರ್, ಭಾನುವಾರ ಸಂಜೆ ಮೈದಾನದ ಕಜ ತುದಿಗೆ ಬರ್ತೀರಾ? ಒಂದು ಮಾತಿದೆ."

ಕಜ ಎಂದರೆ ಬೆಟ್ಟದ ಕಡೆ. ಭಾನುವಾರ ರಸ್ಮಿನಿ ಬೆಟ್ಟದ ಕಡೆಯ ಆಲದ ಮರದ ಕೆಳಗೆ ನಿಂತಳು. ಹೊತ್ತು ಮುಳುಗಿತು. ಸೊಳ್ಳೆಗಳು ಮೂರು ತಲೆಮಾರಿಗಾಗುವಷ್ಟು ರಕ್ತ ಕುಡಿದು ಹೋದವು. ಅವನು ಬರಲಿಲ್ಲ.

ಬಂದದ್ದು ಚಿಕ್ಕಮ್ಮನ ಫೋನು. "ಲೊವಿನದ ಹೋಟೆಲ್ ಹುಡುಗನ ಸಂಬಂಧಕ್ಕೆ ಈ ವಾರ ಹೂಂ ಅಂತೀಯೋ ಉಹೂಂ ಅಂತೀಯೋ ಹೇಳಿಬಿಡು. ಅವರೇನು ಕಾಯ್ತಾ ಕೂತಿರ್ತಾರಾ?"

"ಕಾಯೋದು ನನಗೊಬ್ಬಳಿಗೇ ಅಂತ ಬರೆದಿದೆ ಬಿಡಿ," ಎಂದು ರಸ್ಮಿನಿ ಫೋನಿಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಉರಿಗೆ ಎಣ್ಣೆ ಸುರಿದವಳು ಕ್ಯಾಂಟೀನಿನ ರೆಂಪಿ ಅಜ್ಜಿ.

"ನಿಮ್ಮ ಮೇಷ್ಟ್ರು ನಿನ್ನೆ ಸಂಜೆ ಸಮುದ್ರದ ಕಡೆ, ದೋಣಿ ಶೆಡ್ಡಿನ ಆಚೆ ಕೂತಿದ್ರು ತಾಯಿ. ಇಸ್ತ್ರಿ ಶರ್ಟು. ಮುಂದೆ ಎರಡು ಎಳನೀರು."

"ಎರಡಾ?"

"ಎರಡಕ್ಕೂ ಸ್ಟ್ರಾ ಚುಚ್ಚಿತ್ತು. ಒಬ್ಬ ಮನುಷ್ಯನಿಗೆ ಎಷ್ಟು ಬಾಯಿ ಇರುತ್ತೆ, ನೀನೇ ಹೇಳು."

ಹುಬ್ಬು ಇನ್ನೂ ಒಂದು ಬೆರಳು ಮೇಲೇರಿತು.

ಸ್ಟಾಫ್ ರೂಮಿನಲ್ಲಿ ಅರ್ತಾನನೇ ಮೊದಲು ಬಾಯಿಬಿಟ್ಟ. ಅವನ ಮುಖ ಬಾಡಿದ ಬಾಳೆ ಎಲೆಯಂತಿತ್ತು. "ನಿನ್ನೆ ನೀವು ಬರಲೇ ಇಲ್ಲ."

ಎಂಥ ಧೈರ್ಯ. ರಸ್ಮಿನಿ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದಳು. "ನಾನು ಬರಲಿಲ್ವಾ? ಸರಿ. ಎಳನೀರು ಹೇಗಿತ್ತು ಸರ್?"

ಅವನ ಕಿವಿ ಮೆಣಸಿನಕಾಯಿಯಾಯಿತು. "ನಿಮಗೆ ಯಾರು ಹೇಳಿದ್ರು?"

"ಎರಡನೇದು ಯಾರು ಕುಡಿದ್ರು?"

"ನಾನೇ."

"ಎರಡೂ?"

"ಹೂಂ."

ಇಷ್ಟು ಹಸಿ ಸುಳ್ಳನ್ನು ಅವಳ ಐದನೇ ಕ್ಲಾಸಿನವರೂ ಹೇಳುವುದಿಲ್ಲ. ಅವನು ಇನ್ನೇನೋ ಹೇಳಹೊರಟ, ಗಂಟೆ ಹೊಡೆಯಿತು.

ನಾಲ್ಕನೇ ಕ್ಲಾಸಿಗೂ ಐದನೇ ಕ್ಲಾಸಿಗೂ ನಡುವೆ ಇರುವುದು ಪ್ಲೈವುಡ್ ಗೋಡೆ. ಅದರಾಚೆ ಒಬ್ಬರು ಆಕಳಿಸಿದರೆ ಈಚೆಯವರಿಗೆ ನಿದ್ದೆ ಬರುತ್ತದೆ. ರಸ್ಮಿನಿ ಮಕ್ಕಳಿಗೆ ದ್ವೀಪಗಳ ಹೆಸರು ಬರೆಯಲು ಹೇಳಿ ಗೋಡೆಗೆ ಒರಗಿ ನಿಂತಳು. ಕಿವಿ ತಾನಾಗಿಯೇ ಅಂಟಿಕೊಂಡಿತು.

"ಎಲ್ಲರೂ ಸೂರ್ಯ ಹುಟ್ಟೋ ಕಡೆ ಮುಖ ಮಾಡಿ," ಅರ್ತಾನನ ದನಿ. "ಎಡಗೈ ಚಾಚಿ. ಅದು ಉತ್ತರ. ನಕ್ಷೆಯಲ್ಲಿ ಉತ್ತರ ಮೇಲಿರುತ್ತೆ. ನಮ್ಮ ಮಾತಲ್ಲಿ ಉತ್ತರಕ್ಕೆ ಏನಂತಾರೆ? ಕಜ."

ಸಾರಿ ಎಂಬ ಹುಡುಗಿಯ ದನಿ. "ಸರ್, ಎಡಗೈ ಕಡೆ ಸಮುದ್ರ ಇದೆ."

"ಇರಲಿ."

"ಕಜ ಅಂದ್ರೆ ಬೆಟ್ಟದ ಕಡೆ. ಬೆಟ್ಟ ಬಲಗೈಗಿದೆ."

"ಕಜ ಅಂದ್ರೆ ಉತ್ತರ ಕಣಮ್ಮ. ನಾನು ಹುಟ್ಟಿದಾಗಿಂದ ಹಾಗೇ."

"ನಿಮ್ಮೂರಲ್ಲಿ ಬೆಟ್ಟ ಉತ್ತರಕ್ಕಿದೆ ಸರ್, ಅದಕ್ಕೆ. ಇಲ್ಲಿ ನಿಮ್ಮ ಕಜಕ್ಕೆ ಹೋದ್ರೆ ಮೀನು ಸಿಗುತ್ತೆ."

ಎದ್ದ ನಗುವಿಗೆ ಹೆಂಚುಗಳು ಹಾರಿ ಮತ್ತೆ ತಮ್ಮ ಜಾಗಕ್ಕೇ ಬಂದು ಕೂತವು. ನಗು ತಗ್ಗಿದಾಗ ಚಾಕ್‌ಪೀಸ್ ನೆಲಕ್ಕೆ ಬಿದ್ದ ಸದ್ದು.

"ಹಾಗಾದ್ರೆ," ಅರ್ತಾನನ ದನಿ ತೊದಲಿತು, "ಮೈದಾನದ ಕಜ ತುದಿ ಅಂದ್ರೆ..."

"ಆಲದ ಮರ ಸರ್," ಇಡೀ ಕ್ಲಾಸು ರಾಗವಾಗಿ ಹೇಳಿತು.

ಅವನು ಜಗಲಿಗೆ ಓಡಿ ಬಂದ. ರಸ್ಮಿನಿ ಆಗಲೇ ಅಲ್ಲಿ ಕೈಕಟ್ಟಿ ನಿಂತಿದ್ದಳು. ನಂಬಿದ್ದಳೆಂದುಕೊಳ್ಳಬೇಡಿ, ಪಾಠ ಕೇಳಿದ ಮಾತ್ರಕ್ಕೆ ನಂಬುವ ಹೆಣ್ಣಲ್ಲ ಅವಳು.

"ಟೀಚರ್, ಆ ಎರಡನೇ ಎಳನೀರು ನಿಮಗೇ ತಂದಿದ್ದು. ಕಾದು ಕಾದು ಬಿಸಿಯಾಗಿಬಿಡ್ತು. ಬಿಸಾಡೋಕೆ ಮನಸ್ಸಾಗಲಿಲ್ಲ."

"ಕಥೆ ಚೆನ್ನಾಗಿದೆ. ಒಂದು ಕೇಳ್ತೀನಿ, ಯೋಚನೆ ಮಾಡದೆ ಹೇಳಿ. ಮಲಗುವಾಗ ತಲೆ ಯಾವ ಕಡೆ ಇಡ್ತೀರಿ?"

"ಕಜ ಕಡೆ. ಎಲ್ಲರ ಹಾಗೆ."

"ಕೈ ತೋರಿಸಿ."

ಅವನು ಕೈ ಚಾಚಿದ. ಬೆರಳ ತುದಿಯಲ್ಲಿ ಸಮುದ್ರ ಹೊಳೆಯುತ್ತಿತ್ತು. ತಾನು ತೋರಿಸಿದ್ದೇನೆಂದು ಹೊಳೆದ ಕೂಡಲೇ ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಬಂದ ದಿನದಿಂದ ಅವನು ಮಲಗಿದ್ದು ದೇವರಿರುವ ಬೆಟ್ಟಕ್ಕೆ ಕಾಲು ಚಾಚಿಕೊಂಡು. ಯಾವ ಸುಳ್ಳುಗಾರನೂ ಇಂಥದ್ದನ್ನು ಸುಳ್ಳಿಗಾಗಿಯೂ ಹೇಳಿಕೊಳ್ಳುವುದಿಲ್ಲ.

ಹುಬ್ಬು ಇಳಿಯಿತು. ಹಿತ್ತಲಲ್ಲಿ ಒಂದು ಕೋಳಿ ಮೊಟ್ಟೆಯಿಟ್ಟು ಊರಿಗೆಲ್ಲ ಸಾರಿತು.

"ಅದಕ್ಕೇ ನಿಮ್ಮ ಬುದ್ಧಿ ಉಪ್ಪುಪ್ಪಾಗಿರೋದು," ಎಂದಳು, ನಗು ತುಟಿಯ ಒಂದೇ ಮೂಲೆಯಲ್ಲಿ. "ಆ ಮಾತೇನು?"

ಅವನು ನೆಲ ನೋಡಿದ, ಅವಳ ಕೈಬಳೆ ನೋಡಿದ, ಕೊನೆಗೆ ಕಣ್ಣು ನೋಡಿದ. "ವಾಪಸ್ ಗಿಯಾನ್ಯಾರಿಗೆ ಹೋಗೋದು ಬೇಡ ಅನ್ನಿಸ್ತಿದೆ. ನಿಮ್ಮ ಜೊತೆ ಇಲ್ಲೇ ಇದ್ದುಬಿಡ್ತೀನಿ. ದಿಕ್ಕು ನೀವು ಹೇಳಿಕೊಡಬೇಕು."

ಗಾಳಿ ನಿಂತಿತು. ಸಮುದ್ರವೂ ಒಂದು ಅಲೆ ಬಿಟ್ಟುಕೊಟ್ಟಿತು.

"ಮೊದಲು ಮಂಚ ತಿರುಗಿಸಿ. ಆಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿ ಉಹೂಂ ಅಂತೀನಿ."

"ಉಹೂಂ ಅಂತಾನಾ?" ಅವನು ಜಗಲಿಯ ಕಂಬ ಹಿಡಿದುಕೊಂಡ.

"ಲೊವಿನದ ಹೋಟೆಲಿಗೆ ಉಹೂಂ. ನಿಮಗಲ್ಲ."

ಪ್ಲೈವುಡ್ಡಿನ ಎರಡೂ ಬದಿಯಿಂದ ಚಪ್ಪಾಳೆ ಬಿತ್ತು.

ಅವತ್ತು ಸಂಜೆ ಆಲದ ಮರದ ಕೆಳಗೆ ಅವನೇ ಮೊದಲು ಬಂದು ನಿಂತಿದ್ದ, ಬೆಟ್ಟಕ್ಕೆ ಮುಖ ಮಾಡಿ. ಪಕ್ಕದಲ್ಲಿ ಎರಡು ಎಳನೀರು. ರಸ್ಮಿನಿ ಹತ್ತಿರ ಬಂದು ನೋಡಿದಳು. ಸ್ಟ್ರಾ ಒಂದೇ ಒಂದು.

ಎಡಹುಬ್ಬು ಮೆಲ್ಲಗೆ ಎದ್ದಿತು. "ಇನ್ನೊಂದು ಸ್ಟ್ರಾ ಯಾರಿಗೆ ಕೊಟ್ಟು ಬಂದ್ರಿ?"

"ಬೇಕಂತಲೇ ಒಂದೇ ತಂದಿದ್ದು," ಎಂದ ಅರ್ತಾನ.

ಅವಳು ಅವನನ್ನು ದಿಟ್ಟಿಸುತ್ತಲೇ ಒಂದು ಗುಟುಕು ಕುಡಿದಳು. ಸ್ಟ್ರಾವನ್ನು ಅವನ ಕಡೆ ತಿರುಗಿಸಿದಳು. ಹುಬ್ಬನ್ನು ಮಾತ್ರ ಇಳಿಸಲಿಲ್ಲ.