ಕಲಿನಾಳ ಹೆಸರಿಗೆ ಹಚ್ಚಿದ ದೀಪ

"ಕೆಳಗಡೆ ಹಚ್ಚಬೇಡ ಸೊಸೆ," ಎಂದಳು ಫ್ಲೋರಿಕಾ ಅಜ್ಜಿ. ಇಗರ್ಜಿಯ ಬಾಗಿಲಲ್ಲಿ ಮೇಣದಬತ್ತಿ ಮಾರುತ್ತಲೇ ಮುದುಕಿಯಾದವಳು ಅವಳು. ಬೆರಳುಗಳಿಗೂ ಮೇಣದ ಬಣ್ಣವೇ ಬಂದಿತ್ತು. "ಮೇಲಿನ ತಟ್ಟೆ ಬದುಕಿರೋರಿಗೆ, ಕೆಳಗಿನದು ಸತ್ತೋರಿಗೆ. ಆ ಮಗು ಸತ್ತಿದೆ ಅಂತ ನಿನಗ್ಯಾರು ಹೇಳಿದ್ರು?"

"ಊರೇ ಹೇಳ್ತಿದೆಯಲ್ಲ ಅಜ್ಜಿ," ಎಂದಳು ಲಿಡಿಯಾ.

"ಊರಿಗೇನು ಗೊತ್ತು? ಸತ್ತೋರು ಕತ್ತಲೇಲಿ ನಡೀತಾರೆ. ದಾರಿ ಕಾಣ್ಲಿ ಅಂತ ಕೆಳಗೆ ಹಚ್ಚೋದು. ಬದುಕಿರೋರ ಹೆಸರಲ್ಲಿ ಹಚ್ಚಿದ್ರೆ ಅವ್ರಿಗೂ ಆ ದಾರಿ ಕಾಣುತ್ತೆ. ಕಂಡ್ಮೇಲೆ ಹೋಗದೆ ಇರಕ್ಕಾಗಲ್ಲ. ಇನ್ನೊಂದು ಕೇಳು. ಆ ದಾರಿ ಯಾರು ತೆರೆದ್ರೋ ಅವರ ಮನೆ ಮುಂದಿಂದಲೇ ಹಾದುಹೋಗೋದು."

"ಸದ್ಯ, ಹಂಗಾದ್ರೂ ನಮ್ಮನೆ ಮುಂದೆ ಒಂದು ರಸ್ತೆ ಆಗಲಿ. ಪುರಸಭೆಯವರಂತೂ ಮಾಡಲಿಲ್ಲ!"

ಹಿಂದೆ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಫ್ಲೋರಿಕಾ ಅಜ್ಜಿ ಮಾತ್ರ ಬತ್ತಿ ಕೊಡುವಾಗ ಲಿಡಿಯಾಳ ಕೈ ಸೋಕದಂತೆ ಕೊಟ್ಟಳು.

ಲಿಡಿಯಾ ಬೆಲ್‌ಗ್ರೇಡಿನವಳು. ಹೊಮೊಲ್ಯೆ ಬೆಟ್ಟದಲ್ಲಿ ವ್ಲಾಹ್ ಜನಾಂಗದವರ ಈ ಹಳ್ಳಿಗೆ ಸೊಸೆಯಾಗಿ ಬಂದು, ರಸ್ತೆ ಬದಿಯ ಕೋಣೆಯಲ್ಲಿ ಪಾರ್ಲರ್ ತೆರೆದಿದ್ದಳು. ಗಂಡ ತಾಮ್ರದ ಗಣಿಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಿದ್ದ. ಮಗಳು ಇಸ್ಕ್ರಾಗೆ ಇನ್ನೂ ಶಾಲೆಗೆ ಹೋಗುವ ವಯಸ್ಸಾಗಿರಲಿಲ್ಲ. ಊರಿನ ಹೆಂಗಸರು ಎಷ್ಟೋ ಕಾಲ ಈ ಹೊರಗಿನವಳಿಂದ ಕೂದಲು ಕತ್ತರಿಸಿಕೊಳ್ಳಲು ಹಿಂಜರಿದಿದ್ದರು. ಕಲಿನಾ ಕಾಣೆಯಾದ ಮೇಲೆ ಪಾರ್ಲರಿನಲ್ಲಿ ಕುರ್ಚಿ ಸಾಲದಾಯಿತು.

ಕಲಿನಾ ನೆವೆನಾಳ ಮಗಳು, ಮೂರು ವರ್ಷದ ಕೂಸು. ಅಂಗಳದಲ್ಲಿ ಅವಳಮ್ಮ ಚಳಿಗಾಲಕ್ಕೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು. ಎಣ್ಣೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಗು ಇರಲಿಲ್ಲ. ಮೊದಲ ದಿನಗಳಲ್ಲಿ ಗಂಡಸರೆಲ್ಲ ಕಾಡು ತಡಕಿದರು. ಆಮೇಲೆ ಮಾತು ಶುರುವಾಯಿತು.

"ಕಣ್ಣಲ್ಲಿ ಒಂದು ಹನಿ ನೀರಿಲ್ಲ ಕಣೇ, ನೋಡಿದ್ಯಾ?" ಎನ್ನುತ್ತಿದ್ದಳು ಸ್ಟಾಮೆನಾ, ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಾ. "ಮಾರನೇ ದಿನಾನೇ ಪರದೆ ಒಗೆದು ಒಣಗಾಕಿದ್ಲು. ಯಾವ ತಾಯಿ ಪರದೆ ಒಗೀತಾಳೆ?"

"ಕೈಗೇನಾದ್ರೂ ಕೆಲಸ ಬೇಕಿತ್ತೇನೋ," ಎಂದು ಯಾರೋ ಅಂದರೆ, "ರಕ್ತದ ಕಲೆ ಇತ್ತೇನೋ," ಎಂದು ಲಿಡಿಯಾ ಕತ್ತರಿ ಆಡಿಸುತ್ತಲೇ ಹೇಳುತ್ತಿದ್ದಳು. ಕುರ್ಚಿಗಳಲ್ಲಿ ಕೂತವರು ಹಿತವಾದ ಭಯದಿಂದ ನಡುಗುತ್ತಿದ್ದರು. ಆ ಮಾತು ಸಂಜೆಗೆ ಪೊಲೀಸರ ಕಿವಿ ಮುಟ್ಟಿತು. ಕಾಡು ಹುಡುಕುವುದನ್ನು ಬಿಟ್ಟು ಅವರು ನೆವೆನಾಳ ಹಿತ್ತಲು ಅಗೆದರು.

ಒಂದು ಮಧ್ಯಾಹ್ನ ನೆವೆನಾ ಖುದ್ದಾಗಿ ಪಾರ್ಲರಿಗೆ ಬಂದಳು. ಕತ್ತರಿಸಿದಂತೆ ಮಾತು ನಿಂತಿತು.

"ಲಿಡಿಯಾ, ನಿನ್ನ ಭಾವನ ಮನೆ ಬೀಗದಕೈ ನಿನ್ನ ಹತ್ರ ಇದೆಯಲ್ಲ. ಒಂದ್ಸಲ ತೆಗೆದು ತೋರಿಸ್ತೀಯಾ?"

ಭಾವ ವಿಯೆನ್ನಾದಲ್ಲಿ ದುಡಿಯುತ್ತಿದ್ದ. ಅವನಂಥವರು ಕಟ್ಟಿಸಿದ ಮೂರಂತಸ್ತಿನ ಮನೆಗಳು ಊರ ತುಂಬ ಬೀಗ ಹಾಕಿಕೊಂಡು ನಿಂತಿದ್ದವು.

"ಬೀಗ ಹಾಕಿರೋ ಮನೆಯೊಳಗೆ ಮಗು ಹೆಂಗಮ್ಮ ಹೋಗುತ್ತೆ?"

"ನೆಲಮಾಳಿಗೆ ಕಿಟಕಿ ಇದೆ. ಪುಟ್ಟದು. ಅವಳೂ ಪುಟ್ಟವಳು."

"ಭಾವ ಬರಲಿ, ಕೇಳಿ ತೆಗೀತೀನಿ," ಎಂದಳು ಲಿಡಿಯಾ. ನೆವೆನಾ ಹೋದ ಮೇಲೆ ಕನ್ನಡಿಯಲ್ಲಿ ಎಲ್ಲರ ಕಣ್ಣು ನೋಡಿ, "ಹುಡುಕಿದೆ ಅಂತ ಹೇಳಿಕೊಳ್ಳೋಕೆ ಅವಳಿಗೆ ನಮ್ಮ ಸಾಕ್ಷಿ ಬೇಕಂತೆ," ಎಂದಳು. ಎಲ್ಲರೂ ನಕ್ಕರು. ದೀಪದ ಉಪಾಯ ಹುಟ್ಟಿದ್ದು ಆ ನಗುವಿನಲ್ಲೇ. ತಾಯಿಯ ಎದುರಿಗೇ ಮಗುವಿನ ಹೆಸರು ಹೇಳಿ ಕೆಳಗಿನ ತಟ್ಟೆಯಲ್ಲಿ ಹಚ್ಚುವುದು. ನಿಜವಾದ ತಾಯಿ ಆಗಿದ್ದರೆ ಕಿರುಚಿಕೊಳ್ಳುತ್ತಾಳೆ. ಸತ್ತಿದೆ ಎಂದು ಗೊತ್ತಿದ್ದವಳು ಸುಮ್ಮನಿರುತ್ತಾಳೆ.

ಭಾನುವಾರ ಮಧ್ಯಾಹ್ನ. ಇಗರ್ಜಿಯೊಳಗೆ ಹಗಲಲ್ಲೂ ಕತ್ತಲು. ಧೂಪ, ಕರಗಿದ ಮೇಣ, ಒದ್ದೆ ಉಣ್ಣೆಯ ವಾಸನೆ. ನೆವೆನಾ ಎಂದಿನಂತೆ ಬಂದು ಮೇಲಿನ ತಟ್ಟೆಯ ಮರಳಿನಲ್ಲಿ ಒಂದು ಬತ್ತಿ ನಿಲ್ಲಿಸಿದಳು. ಲಿಡಿಯಾ ಅವಳ ಪಕ್ಕದಲ್ಲೇ ಬಗ್ಗಿ, ಕೆಳಗಿನ ತಟ್ಟೆಯಲ್ಲಿ ಅಜ್ಜಿಯಿಂದ ಕೊಂಡ ಬತ್ತಿಯನ್ನು ಹಚ್ಚಿದಳು.

"ಕಲಿನಾ," ಎಂದಳು, ಎಲ್ಲರಿಗೂ ಕೇಳುವಂತೆ.

ನೆವೆನಾ ಕಿರುಚಲಿಲ್ಲ. ಅವಳ ದನಿ ಮಗುವನ್ನು ಮಲಗಿಸುವಾಗಿನಷ್ಟು ಮೆಲ್ಲಗಿತ್ತು. "ತೆಗಿ ಲಿಡಿಯಾ. ಅವಳಿಗೆ ಕತ್ತಲೆ ಅಂದ್ರೆ ಭಯ. ಬೆಳಕು ಕಂಡ್ರೆ ಹೊರಟುಬಿಡ್ತಾಳೆ."

ಅವಳು ಕೈ ಚಾಚಿದಳು. ಸ್ಟಾಮೆನಾ ಮತ್ತು ಇನ್ನಿಬ್ಬರು ಅವಳ ತೋಳು ಹಿಡಿದರು. ಆಗ ಕೆಳಗಿನ ತಟ್ಟೆಯ ಜ್ವಾಲೆಗಳೆಲ್ಲ ಒಂದೊಂದಾಗಿ ಪಕ್ಕಕ್ಕೆ ಬಾಗಿ ಮತ್ತೆ ನೆಟ್ಟಗಾದವು, ಅವುಗಳ ಮುಂದಿನಿಂದ ಯಾರೋ ಗಿಡ್ಡನೆಯವರು ನಡೆದುಹೋದಂತೆ. ಬಾಗಿಲು ಮುಚ್ಚಿತ್ತು. ಗಾಳಿ ಇರಲಿಲ್ಲ.

"ನೋಡಿದ್ರಾ, ಕಿರುಚಲೇ ಇಲ್ಲ," ಎಂದಳು ಸ್ಟಾಮೆನಾ.

ಮಾರನೆಯ ದಿನ ವಿಯೆನ್ನಾ ಭಾವನ ಮನೆಯ ಮುಂದೆ ನಾಯಿಯೊಂದು ಬೊಗಳುವುದನ್ನು ಬಿಡಲೇ ಇಲ್ಲ. ಗಂಡಸರು ಬೀಗ ಒಡೆದರು. ನೆಲಮಾಳಿಗೆಯಲ್ಲಿ ಹುಳಿ ಚೆರ್ರಿಯ ಪಾಕದ ಜಾಡಿಗಳು ಒಡೆದುಬಿದ್ದಿದ್ದವು. ಕಲಿನಾ ಕಿಟಕಿಯ ಕೆಳಗೆ, ಎತ್ತಿಕೋ ಎಂಬಂತೆ ಎರಡೂ ಕೈ ಮೇಲೆ ಮಾಡಿಕೊಂಡು ಗೋಡೆಗೊರಗಿದ್ದಳು. ತುಟಿ ಕೆಂಪಾಗಿತ್ತು. ಚೆರ್ರಿ ತಿಂದೇ ಅಷ್ಟು ದಿನ ಬದುಕಿತ್ತು ಕೂಸು. ನಿನ್ನೆ ಮಧ್ಯಾಹ್ನದವರೆಗೂ ಜೀವ ಇತ್ತು ಎಂದರು ಡಾಕ್ಟರು.

ನಿನ್ನೆ ಮಧ್ಯಾಹ್ನ. ಇಗರ್ಜಿಯಲ್ಲಿ ದೀಪ ಹಚ್ಚಿದ ಹೊತ್ತು.

ಮಗುವನ್ನು ಮಣ್ಣು ಮಾಡಿದ ದಿನ ನೆವೆನಾ ಲಿಡಿಯಾಳನ್ನು ಶಪಿಸಲಿಲ್ಲ, ಅವಳತ್ತ ನೋಡಲೂ ಇಲ್ಲ. ಅಂದಿನಿಂದ ಪ್ರತಿ ಮಧ್ಯಾಹ್ನ ಆ ನೆಲಮಾಳಿಗೆಯ ಕಿಟಕಿಯ ಪಕ್ಕ ಹೋಗಿ ಕೂರುತ್ತಿದ್ದಳು. ಊರಿಗೆಲ್ಲ ಅದು ಗೊತ್ತಿತ್ತು. ಊರಿನ ಬಾಯಿಗೆ ಈಗ ಬೇರೆ ಮೇವು ಸಿಕ್ಕಿತ್ತು.

"ಬೀಗದಕೈ ಇದ್ದಿದ್ದು ಯಾರ ಹತ್ರ? ತಾಯಿ ಬಂದು ಕೇಳಿದ್ರೂ ಯಾಕೆ ಕೊಡಲಿಲ್ಲ?"

ಪಾರ್ಲರಿನ ಕುರ್ಚಿಗಳು ಖಾಲಿಯಾದವು. ಖಾಲಿ ಕೋಣೆಯಲ್ಲಿ ಕರಗಿದ ಮೇಣದ ವಾಸನೆ ಬರತೊಡಗಿತು. ಲಿಡಿಯಾ ನೆಲ ಒರೆಸಿದಳು, ಕಿಟಕಿ ತೆರೆದಳು. ವಾಸನೆ ಹೋಗಲಿಲ್ಲ. ಒಂದು ಬೆಳಗ್ಗೆ ಇಸ್ಕ್ರಾ ಹಾಲು ಕುಡಿಯುತ್ತಾ ಹೊರಗೆ ಬೆರಳು ತೋರಿಸಿದಳು.

"ಅಮ್ಮಾ, ರಸ್ತೇಲಿ ಪಾಪು ನಿಂತಿದೆ. ಒಬ್ಳೇ ಹೋಗಕ್ಕೆ ಭಯ ಅಂತೆ."

ರಸ್ತೆ ಬರಿದಾಗಿತ್ತು. ಲಿಡಿಯಾ ಪರದೆ ಎಳೆದಳು. ಬಾಗಿಲಿಗೆ ಚಿಲಕ ಹಾಕಿದಳು. ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡವಳಂತೆ ಮನೆಯೆಲ್ಲ ಜೊತೆಯಲ್ಲೇ ಓಡಾಡಿಸಿದಳು. ಮೂರು ದಿನ ಹಾಗೆ ಕಾದಳು. ನಾಲ್ಕನೆಯ ದಿನ ಒಲೆಯ ಮೇಲೆ ಸಾರು ಉಕ್ಕಿತು. ಓಡಿಹೋಗಿ ಇಳಿಸಿ ತಿರುಗಿದಳು.

ಚಿಲಕ ತೆಗೆದಿತ್ತು. ಇಸ್ಕ್ರಾ ಇರಲಿಲ್ಲ.

ಪೊಲೀಸರು ಬಂದು, ಮಗಳನ್ನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿದರು. ಯಾವ ಸಾರು ಎಂದು ಕೇಳಿದರು. ಬೇಲಿಯಾಚೆ ನಿಂತವರು ಅವಳ ಮುಖವನ್ನೇ ನೋಡುತ್ತಿದ್ದರು. ಹುಡುಕಲು ಯಾರೂ ಹೊರಟಿರಲಿಲ್ಲ. ಲಿಡಿಯಾ ಇಗರ್ಜಿಗೆ ಓಡಿದಳು. ಮೇಲಿನ ತಟ್ಟೆಯಲ್ಲಿ ಹಚ್ಚಬೇಕು. ಮೇಲೆ. ಬೇಗ.

ಒಳಗೆ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಬತ್ತಿ.

"ಬೇಡ ಕಣ್ರೇ, ಕಂಡಿದೀರಲ್ಲ ಏನಾಯ್ತು ಅಂತ," ಎನ್ನುತ್ತಿದ್ದಳು ಫ್ಲೋರಿಕಾ ಅಜ್ಜಿ. "ನಿಮ್ಮ ಮನೆಗಳಲ್ಲೂ ಮಕ್ಕಳಿದ್ದಾವೆ."

"ಎಲ್ಲರೂ ಒಟ್ಟಿಗೆ ಹಚ್ಚಿದ್ರೆ ಯಾರ ಮನೆ ಅಂತ ದಾರಿಗೆ ಹೆಂಗೆ ಗೊತ್ತಾಗುತ್ತೆ ಅಜ್ಜಿ?" ಎಂದಳು ಸ್ಟಾಮೆನಾ. ಬಗ್ಗಿದಳು. "ಇಸ್ಕ್ರಾ."

ಮುಂದಿನವಳು ಬಗ್ಗಿದಳು. "ಇಸ್ಕ್ರಾ."

ಹಚ್ಚಿದವರು ತಿರುಗಿ ಲಿಡಿಯಾಳ ಮುಖ ನೋಡಿದರು.

ಲಿಡಿಯಾ ಕಿರುಚಿದಳು. ನೆಲಕ್ಕೆ ಬಿದ್ದು ತಟ್ಟೆಗೆ ಕೈ ಹಾಕಿದಳು. ಬತ್ತಿ ಕಿತ್ತಳು. ಆರಲಿಲ್ಲ. ಊದಿದಳು. ಆರಲಿಲ್ಲ. ಮುಷ್ಟಿಯೊಳಗೆ ಹಿಸುಕಿದಳು. ಚರ್ಮ ಸುಟ್ಟಿತು. ಮೇಣ ಬೆರಳ ಸಂದಿಯಿಂದ ಸುರಿಯಿತು. ಬೆರಳ ಸಂದಿಯಿಂದಲೇ ಬೆಳಕೂ ಬಂತು.

"ಅಬ್ಬಾ, ಎಂಥಾ ನಾಟಕ ನೋಡ್ರೇ," ಎಂದಿತು ಒಂದು ದನಿ. "ಆ ನೆವೆನಾನೇ ವಾಸಿ, ಸುಮ್ನೆ ನಿಂತಿದ್ಲು."

ಬಾಗಿಲು ತೆರೆಯಿತು. ನೆವೆನಾ ಏದುಸಿರು ಬಿಡುತ್ತಾ ನಿಂತಿದ್ದಳು. ತೋಳಿನಲ್ಲಿ ಇಸ್ಕ್ರಾ. ಮೈಯೆಲ್ಲ ಜೇಡರ ಬಲೆ, ಬರಿಗಾಲು. ಕಣ್ಣು ತೆರೆದಿತ್ತು. ಉಸಿರಾಡುತ್ತಿತ್ತು ಮಗು.

"ನೆಲಮಾಳಿಗೆ ಕಿಟಕಿ ಹತ್ರ ಕೂತಿದ್ಲು. ಏನೂ ಆಗಿಲ್ಲ. ತಗೋ ಲಿಡಿಯಾ, ಬೇಗ ಎತ್ಕೋ—"

ಲಿಡಿಯಾ ಎದ್ದಳು. ಕೈ ಚಾಚಿದಳು. ಇಸ್ಕ್ರಾ ಅಮ್ಮನನ್ನು ನೋಡಲಿಲ್ಲ. ಮಗು ಅವಳ ಭುಜದಾಚೆ, ಕೆಳಗಿನ ತಟ್ಟೆಯತ್ತ ನೋಡಿತು. ಮುಖವೆಲ್ಲ ಬೆಳಗಿತು.

"ಎಷ್ಟೊಂದು ದೀಪ!" ಎಂದಿತು. "ಬಂದೆ ಇರು, ಕಲಿನಾ."

ತಟ್ಟೆಯ ಜ್ವಾಲೆಗಳು ಬಾಗಿದವು. ನೆಟ್ಟಗಾದವು. ಮತ್ತೊಮ್ಮೆ ಬಾಗಿದವು. ಈ ಸಲ ಇಬ್ಬರು ಹೋದಂತೆ.

ನೆವೆನಾಳ ತೋಳಿನಿಂದ ಇಸ್ಕ್ರಾಳ ತಲೆ ಹಿಂದಕ್ಕೆ ಜೋತುಬಿತ್ತು. ನೆವೆನಾ ಮಗುವಿನ ಕೆನ್ನೆ ತಟ್ಟಿದಳು. ಬಾಯಿಗೆ ಬಾಯಿಟ್ಟು ಊದಿದಳು. ಎದೆಗೆ ಒತ್ತಿಕೊಂಡು ತೂಗಿದಳು, ತನ್ನದೇ ಎಂಬಂತೆ, ಬಹಳ ಹೊತ್ತು. ಕೊನೆಗೆ ಮಂಡಿಯೂರಿ ಆ ಪುಟ್ಟ ದೇಹವನ್ನು ಲಿಡಿಯಾಳ ಸುಟ್ಟ ಕೈಗಳ ಮೇಲೆ ಇಟ್ಟಳು.

ಲಿಡಿಯಾ ಮಗಳ ಮುಖ ನೋಡಿದಳು. ಸುತ್ತ ನಿಂತವರ ಮುಖ ನೋಡಿದಳು. ಅವರೆಲ್ಲ ಅವಳನ್ನೇ ನೋಡುತ್ತಿದ್ದರು, ಕಾಯುತ್ತಿದ್ದರು. ಅವಳು ನಿಧಾನವಾಗಿ ನೆವೆನಾಳ ಕಡೆಗೆ ತಿರುಗಿದಳು.

"ಅವಳು ಅಲ್ಲಿದ್ದಾಳೆ ಅಂತ," ಎಂದಳು, ಎಲ್ಲರಿಗೂ ಕೇಳುವಂತೆ, "ನಿನಗೆ ಹೆಂಗೆ ಗೊತ್ತಾಯ್ತು?"