ಕಟ್ಟಿಟ್ಟ ಪೆಟ್ಟು

"ಮಿಕ್ಕಿದ್ದೆಲ್ಲ ಬಡ್ಕೊ ತಾಯಿ, ಆ ನೆಗ್ಗಿನ ತಂಟೆಗೆ ಮಾತ್ರ ಹೋಗ್ಬ್ಯಾಡ," ಎಂದಳು ದೇವೀರಮ್ಮ. "ಮ್ಯಾಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದ್ಬುಡು. ಯಾರಿಗೆ ಕಾಣ್ತದೆ?"

ರಶ್ಮಿತಾಗೆ ನಗು ಬಂತು. ಹಳೆಯ ಮಿಲಿಟರಿ ಜೀಪುಗಳಿಗೆ ಮೊದಲಿನ ರೂಪ ಕೊಡುವುದು ಅವಳ ಮತ್ತು ಗಂಡ ಶಿವುವಿನ ಕಸುಬು. ಮೈಸೂರಿನಿಂದ ಹಾನುಬಾಳಿನ ಈ ಎಸ್ಟೇಟಿಗೆ ಅವರು ಬಂದದ್ದೇ, ಸ್ಟೋರಿನ ಹಿಂದಿನ ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದ್ದ ಈ ಜೀಪಿಗಾಗಿ. ನೆಗ್ಗಿದ ತಗಡಿಗೆ ಪುಟ್ಟಿ ಮೆತ್ತುವುದೆಂದರೆ ಅವಳ ಮಟ್ಟಿಗೆ ಹುಳುಕು ಹಲ್ಲಿಗೆ ಸುಣ್ಣ ಬಳಿದಂತೆ.

"ಯಾಕಮ್ಮ, ಮಡ್‌ಗಾರ್ಡಲ್ಲಿ ದೆವ್ವ ಐತಾ?" ಎಂದು ದೇವೀರಮ್ಮನದೇ ಧಾಟಿಯಲ್ಲಿ ಕೇಳಿದಳು.

ಎಸ್ಟೇಟಿನ ಕೂಲಿ ಲೈನಿನ ಆ ಮುದುಕಿ ನಗಲಿಲ್ಲ. "ಪೆಟ್ಟು ಐತೆ. ನಮ್ಮನೆ ಯಜಮಾನ್ರಿಗೆ ಈ ಗಾಡಿ ಗುದ್ದಿ ಎದೆ ಒಳಕ್ಕೋಗಿತ್ತು. ಉಸ್ರು ನಿಂತಿತ್ತು. ಪಾಳ್ಯದ ಕಡೆ ಮಂತ್ರಗಾರನೊಬ್ಬ ಬಂದು ಆ ಪೆಟ್ಟನ್ನ ತಗಡಿಗೆ ಕಟ್ಟಾಕ್ದ. ಇವ್ರು ಎದ್ದು ಕೂತ್ರು, ಮುದುಕ್ರಾಗಿ ಸತ್ರು. ಪೆಟ್ಟು ಸಾಯ್ಲಿಲ್ಲ ಕಣವ್ವ. ಬಿಚ್ಚಿದ್ರೆ ಹತ್ರ ಇರೋ ಮೈ ಹುಡುಕ್ತದೆ."

"ಹತ್ರ ಇರೋದು ನಾನೇ," ಎಂದ ಶಿವು.

"ನಿನ್ನ ಹೊಟ್ಟೆ ನೋಡಿದ್ರೆ ಪೆಟ್ಟೇ ಹೆದರಿ ವಾಪಸ್ ಹೋಗುತ್ತೆ, ಸುಮ್ನೆ ಮಲಗು," ಎಂದಳು ರಶ್ಮಿತಾ. ದೇವೀರಮ್ಮ ಗೊಣಗುತ್ತ ಲೈನಿನ ಕಡೆ ಹೋದಳು.

ಅವನು ಮಡ್‌ಗಾರ್ಡಿನ ಕೆಳಗೆ ಅಂಗಾತ ಮಲಗಿ, ಉಕ್ಕಿನ ಗಟ್ಟಿಯೊಂದನ್ನು ತಗಡಿನ ಒಳಮೈಗೆ ಒತ್ತಿಹಿಡಿದ. ಹೊರಗಿನಿಂದ ಸುತ್ತಿಗೆ ಹಾಕುವುದು ಅವಳ ಕೆಲಸ. ಹಳೆಯ ಬಣ್ಣಕ್ಕೆ ಬೆಂಕಿ ತಾಗಿಸಿದಾಗ ಕೂದಲು ಸುಟ್ಟ ಕಮಟು ಎದ್ದಿತು. ನೆಗ್ಗಿನ ತಳದಲ್ಲಿ ಬೂದಿ ಕುಂಕುಮ ಕಲಸಿ ಬಳಿದ ಗೆರೆಗಳಿದ್ದವು. ಉಪ್ಪುಕಾಗದದಿಂದ ಉಜ್ಜಿ ತೆಗೆದಳು. ಸುತ್ತಿಗೆ ಬಿದ್ದಾಗ ತಗಡು ಠಣ್ಣೆನ್ನಲಿಲ್ಲ. ಕಾಫಿ ಮೂಟೆಗೆ ಗುದ್ದಿದಂತೆ ಮೆತ್ತಗೆ ಮುಲುಗಿತು. ತುಕ್ಕಿರಬೇಕು ಎಂದುಕೊಂಡಳು.

ಕೊನೆಗೆ, ಸಡಿಲಗೊಂಡ ತಗಡನ್ನು ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿ ಬಿಗಿಮಾಡಿದಳು. ಅಂಗೈ ಸವರಿದರೆ ಎಲ್ಲೂ ಏರುತಗ್ಗು ಸಿಗಲಿಲ್ಲ. ಇಷ್ಟು ಚೆಂದದ ಕೆಲಸ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ.

"ಶಿವು, ಬಾ ನೋಡು."

ಉಕ್ಕಿನ ಗಟ್ಟಿ ನೆಲಕ್ಕೆ ಬಿದ್ದ ಸದ್ದಾಯಿತು. ಕಾಲು ಹಿಡಿದು ಎಳೆದಳು. ಅವನ ಕಣ್ಣು ತೆರೆದಿತ್ತು. ಬಾಯಿ ದಡಕ್ಕೆ ಬಿದ್ದ ಮೀನಿನಂತೆ ಆಡುತ್ತಿತ್ತು. ಅಂಗಿಯ ಕೆಳಗೆ ಎದೆ ತಗ್ಗಾಗಿತ್ತು. ಗಾಯವಿಲ್ಲ, ರಕ್ತವಿಲ್ಲ. ತಗಡಿನ ನೆಗ್ಗಿನದೇ ಆಕಾರ, ಅದೇ ಅಂಚು.

ಅವಳ ಚೀರಾಟಕ್ಕೆ ಓಡಿಬಂದ ದೇವೀರಮ್ಮ ಒಂದೇ ನೋಟಕ್ಕೆ ಅರಿತಳು. "ಮತ್ತೆ ನೆಗ್ಗಿಸು. ಬಿಚ್ಚಿದ ಕೈಯೇ ಹೊಡೀಬೇಕು."

ಹೊಡೆದಳು. ತಗಡು ಒಳಕ್ಕೆ ಹೋಯಿತು. ಶಿವುವಿನ ಎದೆ ಉಬ್ಬಿತು. ಕೊರಕೊರನೆ ಒಂದು ಉಸಿರು ಒಳಗೆ ಹೋಯಿತು. ಅವಳು ಅತ್ತೇ ಬಿಟ್ಟಳು.

ಟಪ್.

ತಗಡು ತಾನಾಗಿ ಮೇಲೆದ್ದಿತ್ತು. ಎದೆ ಕುಸಿದಿತ್ತು.

ಮತ್ತೆ ಹೊಡೆದಳು. ಉಸಿರು. ಟಪ್. ಇನ್ನೂ ಜೋರಾಗಿ ಹೊಡೆದಳು. ಉಸಿರು. ಟಪ್. ಅಷ್ಟು ಬಿಗಿಮಾಡಿದ್ದಳು ಅದನ್ನು. ಅವಳ ಕೈಗುಣವೇ ನೆಗ್ಗನ್ನು ನಿಲ್ಲಗೊಡುತ್ತಿರಲಿಲ್ಲ. ಬೆಂಕಿ ತಾಗಿಸಿ ಸಡಿಲಿಸೋಣವೆಂದು ಗ್ಯಾಸಿನ ಕೊಳವೆ ಎತ್ತಿಕೊಂಡಳು. ಹೊತ್ತಿಸುವಷ್ಟರಲ್ಲಿ ಅವನ ತುಟಿ ನೀಲಿಯಾಯಿತು. ಎಸೆದು ಸುತ್ತಿಗೆ ಹಿಡಿದಳು.

"ಆಸ್ಪತ್ರೆ ಗಾಡಿ ಕರಿಸ್ತೀನಿ. ಕೈ ಬುಡಬ್ಯಾಡ ಕಣವ್ವ," ಎಂದು ದೇವೀರಮ್ಮ ಫೋನು ಮಾಡಿಸಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯ ಕಡೆ ಓಡಿದಳು.

ಸಕಲೇಶಪುರದಿಂದ ಗಾಡಿ ಏರುದಾರಿ ಹತ್ತಿ ಬರಬೇಕು. ಶೆಡ್ಡಿನೊಳಕ್ಕೆ ಮಂಜು ನುಗ್ಗಿತು. ಜೀಪಿನ ಮೂತಿ ಕರಗಿತು, ಅವನ ಮುಖ ಕರಗಿತು. ಕೊರಕೊರ ಎನ್ನುವ ಉಸಿರೊಂದೇ ಉಳಿಯಿತು. ಹೊಡೆತ. ಉಸಿರು. ಟಪ್. ಹೊಡೆತ. ಉಸಿರು. ಟಪ್. ಅಂಗೈಯ ಚರ್ಮ ಕಿತ್ತುಬಂದು ಹಿಡಿ ಜಾರುತ್ತಿತ್ತು. ಭುಜ ತನ್ನದಲ್ಲವೆನಿಸಿತು. ಎಣಿಸಲಿಲ್ಲ. ಯೋಚಿಸಲಿಲ್ಲ. ಹೊಡೆದಳು.

ಕೊನೆಗೂ ಮಂಜಿನಲ್ಲಿ ದೀಪ ಕಂಡಿತು. ಸ್ಟ್ರೆಚರು ಹಿಡಿದು ಇಬ್ಬರು ಓಡಿಬಂದರು. ದೇವೀರಮ್ಮ ಇನ್ನೂ ಏರಿನಲ್ಲಿ ಏದುಸಿರು ಬಿಡುತ್ತ ಹಿಂದೆ ಉಳಿದಿದ್ದಳು. ಆ ಇಬ್ಬರಿಗೆ ಕಂಡದ್ದು ನೆಲದ ಮೇಲೆ ಒದ್ದಾಡುತ್ತಿರುವ ಗಂಡಸು, ಅವನ ಪಕ್ಕದಲ್ಲೇ ಖಾಲಿ ಜೀಪಿಗೆ ಹುಚ್ಚಿಯಂತೆ ಬಡಿಯುತ್ತಿರುವ ಹೆಂಗಸು.

"ಅಕ್ಕ, ಸಾಕು ನಿಲ್ಸಿ."

"ನಿಲ್ಸಿದ್ರೆ ಸಾಯ್ತಾನೆ," ಎಂದಳು. ಮುಂದೆ ಹೇಳಲು ಅವಳಲ್ಲಿ ಉಸಿರಿರಲಿಲ್ಲ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಿಂದಿನಿಂದ ಬಂದು, ತಂಗಿಯನ್ನು ಹಿಡಿಯುವಷ್ಟು ಮೆಲ್ಲಗೆ, ಅವಳ ಎರಡೂ ಮಣಿಕಟ್ಟು ಹಿಡಿದುಕೊಂಡ.

"ಆಯ್ತಕ್ಕ. ನಾವು ಬಂದ್ವಲ್ಲ. ಇನ್ನೇನೂ ಆಗಲ್ಲ."

ಕೊಸರಿದಳು. ಕಚ್ಚಿದಳು. ಅವನು ಬಿಡಲಿಲ್ಲ, ಪಾಪ. ಅವಳ ಕೊನೆಯ ಹೊಡೆತಕ್ಕೆ ತಗಡು ಇನ್ನೂ ಒಳಗೇ ಇತ್ತು. ಅಂಚು ಸಣ್ಣಗೆ ನಡುಗುತ್ತಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

ಟಪ್.