ತಾನಾಗಿ ನುಡಿಯುವ ಕಪ್ಪು ಕೀ

"ಈ ಕೀ ಮುಟ್ಟದೇ ಇದ್ರೂ ಕೂಗುತ್ತೆ" ಅಂದೆ.

ಶಿರಾ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿರುವ ಇಸ್ರಾರ್ ಓರೆಗಣ್ಣಲ್ಲಿ ನೋಡಿ ನಕ್ಕ. "ದೆವ್ವ ಹೊಕ್ಕಿರ್ಬೇಕು ಲೋಹಿತಾ ಅವ್ರೇ. ಇದು ಮೂರನೇ ಸಲ. ನನ್ನ ನೋಡೋಕೇನೂ ಬರ್ತಿಲ್ಲ ತಾನೇ?"

ಮೈ ಉರಿಯಿತು. ನಿಜ ಹೇಳಿದರೆ ಯಾರಿಗೆ ಉರಿಯುವುದಿಲ್ಲ?

ಹಾರ್ಮೋನಿಯಂ ನಮ್ಮಪ್ಪ ನಾಗಲಿಂಗಯ್ಯನವರದು. ತಾವರೆಕೆರೆಯ ಭಜನೆ ಮನೆಯಲ್ಲಿ ಮೂವತ್ತು ವರ್ಷ, ಸೋಮವಾರ ತಪ್ಪದೆ ಅಪ್ಪ ನುಡಿಸಿದರು. ಇಸ್ರಾರನ ಅಬ್ಬಾ ಬಾಷಾ ಸಾಬ್ ತಬಲಾ ನುಡಿಸಿದರು. ಅಪ್ಪ ಒಳಗೆ, ಬಾಷಾ ಸಾಬ್ ಹೊರಗೆ ಜಗಲಿಯ ಮೇಲೆ. ಅದೇ ರೂಢಿ. ಇಬ್ಬರೂ ಒಂದೇ ವರ್ಷ ತೀರಿಕೊಂಡರು. ಈಗ ನಾನು ಹಾಡುವಾಗ ಖಾಲಿ ಜಗಲಿಯಿಂದ ತಬಲಾ ಕೇಳಿಸುತ್ತದೆ. ಭಯಕ್ಕೆ ತಿರುಗಿ ನೋಡುವುದಿಲ್ಲ.

ಇಸ್ರಾರ್ ಪೆಟ್ಟಿಗೆ ಬಿಚ್ಚಿದ. ನಗು ಇಳಿಯಿತು.

"ಇದೊಂದೇ ಕೀ ಸವೆದಿದೆ. ಅಬ್ಬಾ ಹೇಳೋರು, ಆಚೆ ಕೂತ್ರೆ ಶ್ರುತಿ ಕೇಳ್ತಿರ್ಲಿಲ್ಲ, ಅಯ್ನೋರು ನಂಗೋಸ್ಕರ ಒಂದು ಸ್ವರ ಬುಡದಂಗೆ ಒತ್ತಿ ಹಿಡಿಯೋರು ಅಂತ."

ಅಪ್ಪ ಸ್ವರವನ್ನು ಹೊರಗೆ ಕಳಿಸಿದರು, ಗೆಳೆಯನನ್ನು ಒಳಗೆ ಕರೆಯಲಿಲ್ಲ. ಅವರ ಮೇಲೆ ಪ್ರೀತಿ, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಸೋಮವಾರ ಬನ್ನಿ. ಒಳಗೆ ಕೂತು ನಿಮ್ಮ ಅಬ್ಬಾನ ತಬಲಾ ನುಡಿಸಿ."

"ಊರು ಸುಮ್ನಿರುತ್ತಾ?"

"ನಾನು ಸುಮ್ನಿರಲ್ಲ."

ಬಂದ. ಬಂದವನು ಅಬ್ಬಾ ಕೂರುತ್ತಿದ್ದ ಜಾಗದಲ್ಲೇ, ಜಗಲಿಯ ಮೇಲೆ ಕೂತ. ಭಜನೆಯ ಹಿರಿಯ ಗಂಗಹನುಮಯ್ಯ ತಾಳ ಒರೆಸುತ್ತಾ, "ಅಲ್ಲೇ ಇರ್ಲಿ ಕಣಮ್ಮ, ಅವ್ರಪ್ಪನೂ ಅಂಗೇ ಕೂರ್ತಿದ್ದ" ಅಂದರು.

"ಅಂಗಾದ್ರೆ ನಾನೂ ಅಲ್ಲೇ." ಹಾರ್ಮೋನಿಯಂ ಎತ್ತಿಕೊಂಡು ಹೊರಗೆ ಹೋಗಿ ಅವನ ಪಕ್ಕ ಕೂತೆ. ಇನ್ನೆಂದೂ ಈ ಮನೆಯಲ್ಲಿ ಹಾಡಲು ಬಿಡದಿದ್ದರೆ? ಆದರೂ ಹಾಡಿದೆ. ಒಳಗಿನವರು ಶ್ರುತಿಯಿಲ್ಲದೆ ಕುಳಿತರು.

ಎರಡನೇ ಹಾಡಿಗೆ ಗಂಗಹನುಮಯ್ಯ ಬಾಗಿಲಿಗೆ ಬಂದರು.

"ಒಳಿಕ್ಕೆ ಬರ್ರಪ್ಪ ಇಬ್ರೂವೆ. ದೇವ್ರಿಗೂ ಕೇಳ್ಬೇಕಲ್ಲ."

ನಾನು ಒಳಗೆ ಹೋದೆ. ಇಸ್ರಾರ್ ಹೊಸ್ತಿಲಲ್ಲಿ ನಿಂತುಬಿಟ್ಟ. ನಾನು ಹಾರ್ಮೋನಿಯಂನ ತಿದಿ ಒತ್ತಿದೆ. ಆ ಕಪ್ಪು ಕೀ ತಾನಾಗಿ ನುಡಿಯಿತು. ಅವನು ಕಣ್ಣೊರೆಸಿಕೊಂಡು ಹೊಸ್ತಿಲು ದಾಟಿದ.

ಹಾಡು ಮುಗಿದಾಗ ಮೊದಲ ಸಲ ತಿರುಗಿ ನೋಡಿದೆ. ಜಗಲಿಯಲ್ಲಿ ಯಾವ ಸದ್ದೂ ಇರಲಿಲ್ಲ.

"ಇನ್ನು ಈ ಕೀ ರಿಪೇರಿ ಮಾಡ್ಬೋದು" ಅಂದೆ ಮೆಲ್ಲಗೆ.

"ಮಾಡಲ್ಲ. ಆಮೇಲೆ ನೀವು ಅಂಗಡಿಗೆ ಬರೋದೇ ನಿಂತೋದ್ರೆ?"

"ಕೀಗೋಸ್ಕರ ಯಾವತ್ತು ಬಂದಿದ್ದೆ? ನಿನ್ನ ನೋಡೋಕೇ ಬರ್ತಿದ್ದೆ."